ಬಿಳಿಗುಡ್ಡಕ್ಕೆ ಹೋಗಿ ಬಂದದ್ದು

ಕುಣಿಗಲ್ಲಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದಾಗ ಕೆರೆಯ ಮೇಲೆ ಇನ್ನೂ ಮಂಜಿತ್ತು. ಕೈಯಲ್ಲೊಂದು ವೈರಿನ ಬುಟ್ಟಿ. ಅದರಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಅರಿಶಿನ ಕುಂಕುಮ, ಸಣ್ಣ ಬಾಟಲಿಯಲ್ಲಿ ಹಾಲು. ಪಕ್ಕದ ಮನೆಯಾಕೆಗೆ ಗುಬ್ಬಿ ಕಡೆ ಕೆಲಸವಿದೆ ಎಂದಷ್ಟೇ ಹೇಳಿದ್ದೆ. ಆಕೆಗೆ ಪೂರ್ತಿ ಹೇಳಿದರೆ ಬೀದಿಗೆ ಮೈಕು ಕಟ್ಟಿಸಿದ ಹಾಗೆ.

ನಾನು ಹೊರಟದ್ದು ಹಾಗಲವಾಡಿಯ ಆಚೆಗಿರುವ ಬಿಳಿಗುಡ್ಡಕ್ಕೆ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಸುಣ್ಣದಕಲ್ಲಿನ ಕ್ವಾರಿ ಇತ್ತು. ನಮ್ಮ ಯಜಮಾನರು ಕಲ್ಲು ಸಾಗಿಸುವ ಲಾರಿ ಓಡಿಸುತ್ತಿದ್ದರು. ಗುಡ್ಡದ ನೆತ್ತಿಯ ಮೇಲೆ ನಮ್ಮ ಗುಡಿಸಲು. ಅಲ್ಲೇ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡ ಮಗಳನ್ನು ಗುಡಿಸಲ ಹಿಂದೆ ತಂಗಡಿ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದೆವು. ಆಮೇಲೆ ಕುಣಿಗಲ್ಲಿಗೆ ಬಂದುಬಿಟ್ಟೆವು. ಯಜಮಾನರು ಆ ಮಾತು ಎತ್ತುತ್ತಿರಲಿಲ್ಲ, ನಾನು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಹೋದ ವರ್ಷ ಅವರೂ ತೀರಿಕೊಂಡರು. ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ಲಾರಿಯವನೊಬ್ಬ, "ಬಿಳಿಗುಡ್ಡಾನಾ? ಎಲ್ಲಾ ಕಡ್ದು ಮುಗ್ಸವ್ರೆ, ಈಗ ಬರೀ ಹಳ್ಳ" ಎಂದ. ಮಗು ಮಲಗಿದ ಜಾಗ ಉಳಿದಿದೆಯೇ, ಇಲ್ಲ ಅದೂ ಸುಣ್ಣವಾಗಿ ಯಾರ ಮನೆಯ ಗೋಡೆಗೋ ಬಳಿದುಹೋಯಿತೇ? ಅದೊಂದನ್ನು ಕಣ್ಣಾರೆ ನೋಡಬೇಕಿತ್ತು.

ತುಮಕೂರಿನಲ್ಲಿ ಇಳಿದು ತಟ್ಟೆ ಇಡ್ಲಿ ತರಿಸಿದೆ. ಅರ್ಧ ತಿಂದು, ಇನ್ನರ್ಧವನ್ನು ಯಾರ ತಟ್ಟೆಗೆ ತಳ್ಳುವುದೆಂದು ತಿಳಿಯದೆ ಬಿಟ್ಟು ಎದ್ದೆ. ಗುಬ್ಬಿಯಲ್ಲಿ ಬಸ್ಸು ಬದಲಿಸಿದೆ. ಚೇಳೂರು ದಾಟುವವರೆಗೂ ತೆಂಗು, ಅಡಿಕೆ. ಆಮೇಲೆ ರಾಗಿ ಹೊಲ, ಬೋಳು ದಿಣ್ಣೆ. ಬಸ್ಸು ಖಾಲಿಯಾಗುತ್ತಾ ಬಂತು. ಪಕ್ಕದ ಸೀಟಿನಲ್ಲಿ ಬುಟ್ಟಿ ಇಟ್ಟಿದ್ದೆ, ತೆಗೀರಿ ಎನ್ನುವವರೂ ಇರಲಿಲ್ಲ.

"ಬಿಳಿಗುಡ್ಡ ಸ್ಟಾಪಾ? ಅಲ್ಲಿ ಯಾರೂ ಇಳಿಯಲ್ವಲ್ಲಮ್ಮ. ಯಾರವ್ರೆ ನಿಮ್ಗೆ ಅಲ್ಲಿ?" ಎಂದ ಕಂಡಕ್ಟರ್.

"ಯಾರೂ ಇಲ್ಲ ಕಣಪ್ಪ" ಎಂದೆ. ಬಸ್ಸಿನಲ್ಲಿ ಹೇಳುವ ಮಾತೇ ಅದು?

"ಸಂಜೆ ಇದೇ ಬಸ್ಸು ವಾಪಸ್ ಬರ್ತದೆ. ರೋಡಲ್ಲೇ ನಿಂತಿರಿ."

ಇಳಿದಾಗ ಮೊದಲು ಕಂಡದ್ದು ಕುಸಿದ ಸುಣ್ಣದ ಗೂಡುಗಳು. ಕಲ್ಲನ್ನೂ ತೆಂಗಿನ ಚಿಪ್ಪನ್ನೂ ಪದರ ಪದರವಾಗಿ ತುಂಬಿ ಸುಡುತ್ತಿದ್ದ ಗೂಡುಗಳಲ್ಲಿ ಈಗ ಮೇಕೆಗಳು ಮಲಗಿದ್ದವು. ಹಿಂದೆ ಇಲ್ಲಿ ಹರೆಯದ ಹುಡುಗರ ಹುಬ್ಬೂ ಧೂಳಿಗೆ ಬೆಳ್ಳಗಾಗಿರುತ್ತಿತ್ತು. ಬಂಡೆಗೆ ಮದ್ದು ಸಿಡಿಸುವ ಮುಂಚೆ ಕೆಂಪು ಬಟ್ಟೆ ಬೀಸಿ ಕೂಗುತ್ತಿದ್ದರು. ಆ ಕೂಗು ಕೇಳಿದ್ದೇ ನಾನು ಅನ್ನದ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದೆ. ಈಗ ನನ್ನ ಚಪ್ಪಲಿಯ ಸದ್ದೊಂದೇ.

ಮೇಕೆ ಕಾಯುತ್ತಿದ್ದವರು ಎದ್ದು ಬಂದರು. ಕ್ವಾರಿಯಲ್ಲಿ ಮೇಸ್ತ್ರಿಯಾಗಿದ್ದ ಖಾದರಣ್ಣ! ಗಡ್ಡ ನಿಜವಾಗಿಯೇ ಬೆಳ್ಳಗಾಗಿತ್ತು. "ಒಬ್ಳೇ ಬಂದ್ಯಾ ತಂಗಿ?" ಎಂದರು. ಯಜಮಾನರ ಸಂಗತಿ ಹೇಳಿದೆ. ತಲೆಯ ಮೇಲಿನ ಟವೆಲ್ ತೆಗೆದರು. ಆಮೇಲೆ ಬುಟ್ಟಿ ನೋಡಿದರು. ಕ್ವಾರಿಯ ಕಡೆ ಮುಂದೆ ನಡೆದರು.

ಗುಡ್ಡ ಇದ್ದ ಕಡೆ ಆಕಾಶವಿತ್ತು. ಕೆಳಗೆ ಬೂದುಬಿಳಿ ಗುಂಡಿ, ಮೂಲೆಯಲ್ಲಿ ಹಸಿರುಗಟ್ಟಿದ ನೀರು. ಗುಂಡಿಗೆ ಇಳಿಯುವ ಹಳೆಯ ಲಾರಿ ದಾರಿಯಲ್ಲಿ ಅರ್ಧಕ್ಕೇ ನಿಂತೆ. ಕೂತು ಅತ್ತೆ.

"ಅಳೋದು ಆಮೇಲೆ. ತಲೆ ಎತ್ತಿ ಅತ್ಲಾಗ್ ನೋಡು" ಎಂದರು ಖಾದರಣ್ಣ.

ಗುಂಡಿಯ ನಡುವೆ ಕಲ್ಲಿನ ಕಂಬವೊಂದು ತೆಂಗಿನಮರದೆತ್ತರ ನಿಂತಿತ್ತು. ಎಷ್ಟು ಆಳ ಕಡಿದಿದ್ದಾರೆ ಎಂದು ಅಳೆಯಲು ಮೊದಲಿನ ನೆಲದ ಒಂದು ತುಂಡನ್ನು ಹುಲ್ಲು ಸಮೇತ ಹಾಗೇ ಬಿಟ್ಟು, ಸುತ್ತ ಕಡಿಯುತ್ತಾ ಹೋಗುವುದು ಕ್ವಾರಿಯ ವಾಡಿಕೆ. ಅಳತೆ ಮುಗಿದ ಮೇಲೆ ಅದನ್ನೂ ಒಡೆದುಬಿಡುತ್ತಾರೆ. ಈ ಕಂಬದ ತುದಿಯಲ್ಲಿ ತಂಗಡಿ ಗಿಡ ಹಳದಿ ಹೂ ಬಿಟ್ಟಿತ್ತು.

"ಊರು ಬುಡೋ ದಿನ ನಿಮ್ ಯಜಮಾನ್ರು ನನ್ ಕೈ ಹಿಡ್ಕಂಡ್ರು. ಗುರುತು ಎಲ್ಲಾದ್ರೂ ಬುಡ್ಲೇಬೇಕಲ್ಲ ಖಾದರ್, ಮಗು ಇರೋ ಕಡೇನೇ ಬುಡು ಅಂದ್ರು. ಬುಟ್ಟೆ. ಕಡೇ ಅಳತೆ ಆಗೋಕ್ ಮುಂಚೇನೇ ಕ್ವಾರಿ ನಿಂತೋಯ್ತು. ನಿಂಗೆ ಹೇಳಿರ್ಲಿಲ್ವಾ?"

"ಇಲ್ಲ ಖಾದರಣ್ಣ."

"ಅಳತೆ ಆದ್ಮೇಲೆ ಒಡೀಲೇಬೇಕು ಅಂತ ನಾನೂ ಅಂದಿದ್ದೆ. ಆಸೆ ಹುಟ್ಸಿ ಕಿತ್ಕಳೋದ್ಯಾಕೆ ಅಂತ ಸುಮ್ನಾದ್ರೇನೋ."

ಯಜಮಾನರ ಮೇಲೆ ಸಿಟ್ಟು ಉಕ್ಕಿ ಬಂತು. ಇಷ್ಟು ವರ್ಷ ಒಂದೇ ಸೂರಿನಡಿ ಅವರು ಇದನ್ನು ಒಬ್ಬರೇ ಹೊತ್ತುಕೊಂಡಿದ್ದರು, ನಾನು ನನ್ನದನ್ನು ಒಬ್ಬಳೇ. ಜಗಳ ತೆಗೆಯೋಣವೆಂದರೆ ಎದುರಿಗೆ ಅವರೇ ಇಲ್ಲ.

ಕಂಬದ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಹಾಲು ಸುರಿದೆ. ಕಲ್ಲಿನ ಧೂಳು ಹಾಲನ್ನು ಕುಡಿದುಬಿಟ್ಟಿತು. ಮೇಲಿನ ಮಣ್ಣನ್ನೊಮ್ಮೆ ಮುಟ್ಟಬೇಕೆನಿಸಿತು. ಎಟುಕುವ ಮಾತೇ ಇರಲಿಲ್ಲ. ಬಾಳೆಹಣ್ಣನ್ನು ಖಾದರಣ್ಣನಿಗೆ ಕೊಟ್ಟೆ. ಅವರು ರಸ್ತೆಯವರೆಗೂ ಬಂದು, ಮೇಕೆಗಳನ್ನು ಕರೆಯುತ್ತಾ ಹಿಂದಿರುಗಿದರು.

ಸಂಜೆ ಅದೇ ಬಸ್ಸು ಬಂತು. ಹಿಂದಿನ ಕಿಟಕಿಯಲ್ಲಿ ಕತ್ತು ಹೊರಳಿಸಿ ಕೂತೆ. ತಿರುವಿನವರೆಗೂ ಗುಂಡಿಯ ಅಂಚಿನಾಚೆ ಆ ಹಳದಿ ಕಾಣುತ್ತಿತ್ತು.

"ಯಾರೂ ಇಲ್ಲ ಅಂದ್ರಿ, ಇಷ್ಟೊತ್ತು ಏನ್ ಮಾಡಿದ್ರಮ್ಮ?" ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತಾ.

"ಮಗಳಿದಾಳೆ ಕಣಪ್ಪ" ಎಂದೆ.