ಅಟ್ಟದ ಮೇಲೆ ಒಣಗಿಸಿದ ಫೋನು

ಹೋದ ವಾರ ನಮ್ಮ ತೋಟದ ಮೋಟರಿನ ಸ್ಟಾರ್ಟರ್ ಕೆಟ್ಟಿತ್ತು. ರಿಪೇರಿಯವರು ಬಂದು ಜಗುಲಿಯ ಮೇಲೆ ಕೂತು ತಂತಿಗೆ ಬೆಸುಗೆ ಹಾಕಿದರು. ಕಾದ ಸೀಸ, ಕರಗಿದ ರಾಳ... ಆ ಹೊಗೆ ಒಂದೆಳೆ ನಡುಮನೆಗೆ ಬಂದದ್ದೇ ತಡ, ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ತಿಪಟೂರಿನ ಆ ಸಣ್ಣ ಅಂಗಡಿಯ ಒಳಗೆ ಹೋಗಿ ನಿಂತಂತಾಯಿತು. ಅಲ್ಲಿ ಯಾವಾಗ ಹೋದರೂ ಇದೇ ವಾಸನೆ.

ಆ ಅಂಗಡಿಯವರನ್ನು ನಮ್ಮ ಕಡೆಯವರೆಲ್ಲ ರೇಡಿಯೊ ಅಣ್ಣ ಎನ್ನುತ್ತಿದ್ದರು. ನಾನು ಮದುವೆಯಾಗಿ ಬಿಳಿಗೆರೆ ಪಕ್ಕದ ಈ ಊರಿಗೆ ಬಂದ ವರ್ಷವೇ ನಮ್ಮ ಯಜಮಾನರು ಮಾವನವರ ರೇಡಿಯೊವನ್ನು ಟವಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದರು. ಆಮೇಲೆ ಟೇಪ್‌ರೆಕಾರ್ಡರ್ ಬಂತು, ಟಿವಿ ಬಂತು, ಸಿಡಿ ಬಂದಷ್ಟೇ ಬೇಗ ಹೋಯಿತು, ಕೊನೆಗೆ ಮೊಬೈಲು ಬಂತು. ಸಾಮಾನು ಬದಲಾದ ಹಾಗೆಲ್ಲ ಅವರು ಹೊಸದಾಗಿ ಕಲಿತರು. ಬೋರ್ಡು ಮಾತ್ರ ಬದಲಾಯಿಸಲಿಲ್ಲ, ಅದರ ಮೇಲೆ ರೇಡಿಯೊ ಚಿತ್ರವೇ ಉಳಿಯಿತು. ಯಾರಾದರೂ ಚುಡಾಯಿಸಿದರೆ, “ಪೆಟ್ಗೆ ಸಣ್ಣದಾಗೈತೆ ಅಷ್ಟೆ ಕಣಪ್ಪ. ಒಳಗಿಂದ ಮಾತು ಬಂದ್ರೆ ಆತಲ್ಲ?” ಎನ್ನುತ್ತಿದ್ದರು.

ನಾನು ಓದಿದ್ದು ಮೂರನೇ ಕ್ಲಾಸು. ಮೈಸೂರಿಗೆ ಕೊಟ್ಟಿದ್ದ ಮಗಳು ನನಗೊಂದು ಫೋನು ಕೊಡಿಸಿ, ಎಲ್ಲಿ ಒತ್ತಿದರೆ ತನ್ನ ಮುಖ ಬರುತ್ತದೆ ಎಂದು ಕಲಿಸಿದ್ದಳು. ನನಗೆ ಗೊತ್ತಿದ್ದದ್ದು ಅಷ್ಟೇ, ಬೇಕಾಗಿದ್ದದ್ದೂ ಅಷ್ಟೇ. ಒಂಬತ್ತು ವರ್ಷ ಮಕ್ಕಳಿಲ್ಲದೆ ಇದ್ದು ಕೊನೆಗೂ ಅವಳು ಬಸುರಿಯಾಗಿದ್ದಳು. ಅವಳ ಮುಖ ನೋಡದೆ ನನಗೆ ಒಂದು ದಿನವೂ ಕಳೆಯುತ್ತಿರಲಿಲ್ಲ.

ಅಂಥ ಫೋನು ಒಂದು ಸಂಜೆ, ಹಸುವಿಗೆ ಕಲಗಚ್ಚು ಕಲಸಲು ಬಗ್ಗಿದಾಗ, ಸೊಂಟದಿಂದ ಜಾರಿ ನೇರ ಬಾನಿಯೊಳಕ್ಕೆ ಬಿತ್ತು.

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕೊಬ್ಬರಿಯಾಗಲಿ ಎಂದು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವುದಿಲ್ಲ. ಕೆಳಗೆ ಒಲೆ ಉರಿಯುತ್ತಿರುತ್ತದೆ, ಮೇಲೆ ನೀರು ತಾನಾಗಿ ಇಂಗುತ್ತಿರುತ್ತದೆ. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ನನಗೆ ಬರುತ್ತಿದ್ದ ಒಣಗಿಸುವ ವಿದ್ಯೆ ಅದೊಂದೇ. ಫೋನನ್ನು ಸೆರಗಿನಲ್ಲಿ ಒರೆಸಿ, ಏಣಿ ಹತ್ತಿ, ಕಾಯಿಗಳ ನಡುವೆ ಇಟ್ಟುಬಂದೆ. ಎರಡು ದಿನದಲ್ಲಿ ನಾಲ್ಕು ಸಲ ಹತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದೆ. ಈಗ ನೆನೆಸಿಕೊಂಡರೆ ನಗು ತಡೆಯಲಾಗುವುದಿಲ್ಲ.

ಆವತ್ತು ನಗುವ ಹಾಗಿರಲಿಲ್ಲ. ಮೂರನೇ ದಿನ ಪಕ್ಕದ ಮನೆಯವಳು ತನ್ನ ಗುಂಡಿ ಫೋನು ಹಿಡಿದುಕೊಂಡು ಓಡಿಬಂದಳು. ಅದರಲ್ಲಿ ಮಗಳ ದನಿ. ಏಳನೇ ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಏನೂ ಹೇಳಲಾಗದು ಅಂದಿದ್ದಾರೆ ಎಂದಳು.

“ನೀನು ಬಂದ್ರೂ ಒಳಕ್ಕೆ ಬುಡಲ್ಲ ಕಣವ್ವ. ನಾಳೆ ಹನ್ನೊಂದು ಗಂಟೆಗೆ ನನ್ನೊಬ್ಳನ್ನ ಎರಡು ನಿಮಿಷ ಬುಡ್ತಾರಂತೆ. ವಿಡಿಯೋದಲ್ಲಿ ತೋರಿಸ್ತೀನಿ, ಫೋನ್ ಸರಿ ಮಾಡಿಸ್ಕೊ. ಒಂದ್ಸಲನಾದ್ರೂ ನೋಡವ್ವ...” ಅಂದಳು. ‘ಒಂದ್ಸಲನಾದ್ರೂ’ ಎಂಬ ಮಾತು ನನ್ನ ಎದೆಗೆ ನಾಟಿತು.

ಯಜಮಾನರು ಆಗಲೇ ಮೈಸೂರಿನ ಬಸ್ಸು ಹತ್ತಿದರು. ನಾನು ಹೋಗುವಂತಿರಲಿಲ್ಲ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಪಕ್ಕದ ಮನೆಯವಳನ್ನು ಎರಡು ಮೂರು ಗಂಟೆ ಕೂರಿಸಬಹುದಿತ್ತು, ಎರಡು ಮೂರು ದಿನ ಹೇಗೆ ಕೂರಿಸುವುದು? ಮಾರನೆಯ ಬೆಳಿಗ್ಗೆ ಫೋನನ್ನು ಅಟ್ಟದಿಂದ ಇಳಿಸಿಕೊಂಡು ತಿಪಟೂರಿಗೆ ಹೋದೆ.

“ಏನಾಯ್ತವ್ವ ಇದಕ್ಕೆ?” ಎಂದರು ರೇಡಿಯೊ ಅಣ್ಣ.

“ಬಾನಿಗೆ ಬಿತ್ತು ಕಣಣ್ಣ. ಒಣಗ್ಲಿ ಅಂತ ಅಟ್ಟಕ್ಕೆ ಹಾಕಿದ್ದೆ.”

“ಅಟ್ಟಕ್ಕಾ!”

ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆ ಮಸಿ, ಒಂದೆರಡು ಎಳೆ ತೆಂಗಿನ ನಾರು. ಅವರು ನನ್ನ ಮುಖ ನೋಡಿದರು, ಫೋನನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. “ಅವಸ್ರ ಮಾಡ್ಬುಟ್ಟೆ ಕಣವ್ವ. ಇನ್ನೊಂದತ್ತು ತಿಂಗ್ಳು ಬುಟ್ಟಿದ್ರೆ ಒಳ್ಳೆ ಕೊಬ್ರಿ ಆಗಿರೋದು!”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ಅಳು ಒತ್ತಿಕೊಂಡು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅವರ ನಗು ಅಲ್ಲಿಗೇ ನಿಂತಿತು. ಗೋಡೆಯ ಗಡಿಯಾರ ನೋಡಿದರು. ಹತ್ತೂಮುಕ್ಕಾಲು.

“ಇದು ಇವತ್ತಿಗೆ ಏಳಾಕಿಲ್ಲ. ಮಗಳ ನಂಬರ್ ಐತಾ?”

ಎಲೆಅಡಿಕೆ ಚೀಲದಲ್ಲಿ ಚೀಟಿಯಿತ್ತು. ತಮ್ಮ ಫೋನಿನಿಂದಲೇ ಮಗಳಿಗೆ ಮಾಡಿ, ಇದೇ ನಂಬರಿಗೆ ವಿಡಿಯೋ ಮಾಡವ್ವ ಎಂದರು. ಆದರೆ ಅಂಗಡಿಯ ಒಳಗೆ ನೆಟ್ಟು ಸರಿಯಾಗಿ ಸಿಗುತ್ತಿರಲಿಲ್ಲ. ಅವರು ಎದ್ದು ಷಟರನ್ನು ಅರ್ಧಕ್ಕೆ ಎಳೆದರು. “ಕೂಸು ನೋಡ್ಕಂಡು ಬತ್ತೀವಿ. ಇಲ್ಲೇ ಇರ್ರಪ್ಪ.”

“ನನ್ ಫೋನು ಅರ್ಧ ಬಿಚ್ಚಾಕಿದ್ದೀಯಲ್ಲೋ ಮಾರಾಯ!” ಎಂದು ಒಬ್ಬರು ಗೊಣಗಿದರು.

“ಬಿಚ್ಚಾಕಿರೋದು ಎಲ್ಲಿಗೆ ಓಡೋಯ್ತದೆ, ಬುಡ್ಲಾ!”

ಎರಡು ಮಹಡಿ ಹತ್ತಿ ತಾರಸಿಗೆ ಹೋದೆವು. ನೆಟ್ಟು ಸಿಗುವ ಕಡೆಗೆ ತಿರುಗಿಸಿ, ಫೋನನ್ನು ನನ್ನ ಮುಖದ ಮುಂದೆ ಅವರೇ ಹಿಡಿದರು. ಸರಿಯಾಗಿ ಹನ್ನೊಂದಕ್ಕೆ ಮಗಳ ಮುಖ ಬಂತು, ಆಮೇಲೆ ಗಾಜಿನ ಪೆಟ್ಟಿಗೆ. ಅದರೊಳಗೆ ಸುಲಿದ ಕಾಯಿಗಿಂತ ಒಂದಿಷ್ಟು ದೊಡ್ಡದಾದ ಜೀವ, ಮೂಗಿಗೊಂದು ನಳಿಕೆ. ಎದೆ ಪುಟುಪುಟು ಅನ್ನುತ್ತಿತ್ತು. ನೋಡುತ್ತಿದ್ದ ಹಾಗೆಯೇ ಅದು ನಿಂತಿತು.

“ಅಣ್ಣಾ, ಕೂಸು...” ಎಂದಷ್ಟೇ ಬಾಯಿಗೆ ಬಂದದ್ದು.

“ನಿಂತಿರೋದು ನೆಟ್ಟು ಕಣವ್ವ, ಕೂಸಲ್ಲ. ಹೆದ್ರಬ್ಯಾಡ, ಬಾ ಈ ಕಡೀಕೆ!” ಎಂದು ಅವರು ಫೋನನ್ನು ಎತ್ತಿ ಹಿಡಿದುಕೊಂಡು ತಾರಸಿಯ ಆ ತುದಿಗೆ ಓಡಿದರು. ಅವರ ಹಿಂದೆ ನಾನೂ ಓಡಿದೆ. ಅಲ್ಲಿ ನಿಂತು ಮತ್ತೆ ನನ್ನ ಮುಖದ ಮುಂದೆ ಹಿಡಿದರು. ಚಿತ್ರ ಒಮ್ಮೆ ನಡುಗಿತು. ಕೂಸು ಬಲಗಾಲನ್ನು ಚಾಚಿ, ಗಾಜನ್ನು ಒದೆಯುವಂತೆ ಆಡಿಸಿತು.

“ಒದೀತು ನೋಡು! ಗಟ್ಟಿಗಿತ್ತಿ ಕಣವ್ವ ನಿನ್ನ ಮೊಮ್ಮಗಳು!” ಎಂದರು. ಅವರ ಕಣ್ಣಲ್ಲೂ ನೀರಿತ್ತು.

ಮೂರು ದಿನಕ್ಕೆ ನನ್ನ ಫೋನು ಸರಿಯಾಯಿತು. ಆದರೆ ಆಗ ನಮ್ಮೂರಿನಲ್ಲಿ ವಿಡಿಯೋ ಬರುವಷ್ಟು ನೆಟ್ಟು ಇರಲಿಲ್ಲ. “ದಿನಾ ಇಲ್ಲಿಗೇ ಬಾ, ನಂಗೂ ನೋಡಂಗಾಗೈತೆ” ಎಂದರು. ಹತ್ತೊಂಬತ್ತು ದಿನ ಹೋದೆ. ಹತ್ತೊಂಬತ್ತು ದಿನವೂ ಅವರು ಕೆಲಸ ಬಿಟ್ಟು ನನ್ನ ಜೊತೆ ಮೆಟ್ಟಿಲು ಹತ್ತಿದರು. ನಳಿಕೆ ತೆಗೆದ ದಿನ ಅಂಗಡಿಯಲ್ಲಿದ್ದವರಿಗೆಲ್ಲ ಟೀ ತರಿಸಿದರು. ಮಗು ಕಣ್ಣು ಬಿಟ್ಟು ನೋಡಿದ ದಿನ, ಅದು ತಮ್ಮನ್ನೇ ನೋಡಿತು ಎಂದು ನನ್ನ ಹತ್ತಿರ ಜಗಳಕ್ಕೇ ನಿಂತರು...

ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದು ಅವರಿಗೆ ಹೇಳಿದ್ದೆ. ಎಳೆಗೂಸು, ಬಿಸಿಲು ಎಂದು ಒಂದು ಸಲ, ಶೀತವಾಗಿದೆ ಎಂದು ಇನ್ನೊಂದು ಸಲ, ಆಮೇಲೆ ಅತ್ತೆ ತೀರಿಕೊಂಡರು ಎಂದು... ಹೀಗೇ ಮುಂದಕ್ಕೆ ಹಾಕಿದೆ. ಅವಳು ನಡೆಯಲು ಕಲಿತ ಮೇಲೆ ಕೈ ಹಿಡಿದು ಕರೆದುಕೊಂಡು ಹೋದರೆ ಷಟರು ಪೂರ್ತಿ ಇಳಿದಿತ್ತು. ರೇಡಿಯೊ ಅಣ್ಣ ತೀರಿಹೋಗಿ ಎರಡು ತಿಂಗಳಾಯಿತು ಎಂದು ಪಕ್ಕದ ಹೂವಿನವರು ಹೇಳಿದರು. ಮೊಮ್ಮಗಳು ಆ ಷಟರನ್ನು ಅಂಗೈಯಲ್ಲಿ ಬಡಿದು ಸದ್ದು ಮಾಡಿ ನಗುತ್ತಿದ್ದಳು. ನಾನು ಅವಳನ್ನು ಎತ್ತಿಕೊಂಡು ಬೋರ್ಡಿನ ಮೇಲಿನ ರೇಡಿಯೊ ತೋರಿಸಿದೆ.

ಈಗ ಅವಳಿಗೆ ಆರು ವರ್ಷ. ರಜಕ್ಕೆ ಬಂದಿದ್ದಾಳೆ, ಮನೆ ತುಂಬ ಅವಳದೇ ಕುಣಿತ. ನಮ್ಮೂರಿಗೂ ಇಂಟರ್‌ನೆಟ್ಟಿನ ತಂತಿ ಬಂದಿದೆ. ನಮ್ಮ ಯಜಮಾನರು ಊಟದ ತಟ್ಟೆ ಮುಂದಿಟ್ಟುಕೊಂಡು ರೀಲ್ಸ್ ನೋಡಿ ನನ್ನಿಂದ ಬೈಸಿಕೊಳ್ಳುತ್ತಾರೆ. ನಾನು ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ. ಇದನ್ನೂ ಹಾಗೇ ಹೇಳಿ ಬರೆಸಿದ್ದೇನೆ, ತಪ್ಪು ತಿದ್ದಿದವಳು ಮಗಳು. ಫೋನನ್ನು ಜನ ಎಷ್ಟು ಬೈದರೂ ನನ್ನ ಬಾಯಲ್ಲಿ ಅದಕ್ಕೆ ಕೆಟ್ಟ ಮಾತು ಬರುವುದಿಲ್ಲ. ನನ್ನ ಮೊಮ್ಮಗಳು ಮೊದಲು ನನ್ನ ಹತ್ತಿರ ಬಂದದ್ದೇ ಅದರೊಳಗಿಂದ.

ಬೆಸುಗೆಯ ವಾಸನೆ ಬಂದ ದಿನ ಅವಳಿಗೆ ಈ ಕತೆಯೆಲ್ಲ ಹೇಳಿದೆ. “ಆ ತಾತನ ಫೋಟೋ ತೋರ್ಸು” ಎಂದಳು. ಫೋನೆಲ್ಲ ಹುಡುಕಿದೆ. ಹಸುವಿನ ಫೋಟೋ ಇದೆ, ರಂಗೋಲಿ ಇದೆ, ಶುಭೋದಯದ ಹೂವುಗಳಂತೂ ಲೆಕ್ಕವಿಲ್ಲ. ಅವರದು ಒಂದೂ ಇಲ್ಲ. ಹತ್ತೊಂಬತ್ತು ದಿನ ಅವರ ಪಕ್ಕ ನಿಂತವಳಿಗೆ ಒಂದು ಫೋಟೋ ತೆಗೆಯಬೇಕು ಎಂದು ತೋಚಿರಲಿಲ್ಲ.

ಮಗಳಿಗೆ ಹೇಳಿದಾಗ ಅವಳು ಒಂದು ಚಿತ್ರ ಕಳಿಸಿದಳು. ಮೊದಲ ದಿನ ತನ್ನ ಫೋನಿನಲ್ಲಿ ಕಂಡದ್ದನ್ನು ಹಾಗೇ ಹಿಡಿದಿಟ್ಟಿದ್ದಳಂತೆ. ಅದರ ತುಂಬ ನನ್ನ ಮುಖ, ಅಳುತ್ತ ನಗುತ್ತಿರುವ ಮುಖ. ಮೂಲೆಯಲ್ಲಿ, ಫೋನು ಹಿಡಿದಿದ್ದ ರೇಡಿಯೊ ಅಣ್ಣನ ಹೆಬ್ಬೆರಳು ಅರ್ಧ ಅಡ್ಡ ಬಂದಿದೆ. ಉಗುರಿನ ಸುತ್ತ ಮಸಿ. ನಮ್ಮ ಹತ್ತಿರ ಅವರದು ಅಂತ ಉಳಿದಿರುವುದು ಅಷ್ಟೇ.

ಮೊಮ್ಮಗಳು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, “ಅಜ್ಜಿ, ಬೆರಳು ಅಡ್ಡ ಬಂದು ಫೋಟೋ ಹಾಳಾಗಿದೆ. ಕಟ್ ಮಾಡ್ಲಾ?” ಎಂದಳು.

“ಬ್ಯಾಡ ಕಣವ್ವ” ಎಂದೆ. “ಬೇಕಾದ್ರೆ ನನ್ನ ಮುಖ ಕಟ್ ಮಾಡು. ಅದನ್ನ ಮಾತ್ರ ಮುಟ್ಬ್ಯಾಡ.”