ಎಡಗಡೆಯ ತೇಪೆಯಿಂದ ಎರಡು ಪಾಯಿಂಟು

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮರ್ಯಾದೆಯಿರುವ ಜಾಗಗಳು ಎರಡೇ ಎಂದು ಈಗಿನವರು ತೀರ್ಮಾನಿಸಿದ್ದಾರೆ. ಒಂದು, ರಿಂಗಿನ ಬುಡ. ಅಲ್ಲಿಂದ ಹಾಕಿದರೆ ಗುರಿ ತಪ್ಪುವುದು ಕಷ್ಟ. ಇನ್ನೊಂದು, ದೂರದ ಕಮಾನು ಗೆರೆಯ ಆಚೆ. ಅಲ್ಲಿಂದ ಬಿದ್ದರೆ ಎರಡರ ಬದಲು ಮೂರು ಪಾಯಿಂಟು. ಇವೆರಡರ ನಡುವಿನ ವಿಶಾಲ ಭೂಭಾಗವನ್ನು ಈಗ ಯಾರೂ ಬಯಸುವುದಿಲ್ಲ. ನನ್ನ ಆಟದ ಬದುಕೆಲ್ಲ ಕಳೆದದ್ದು ಆ ಭೂಭಾಗದಲ್ಲಿ.

ಕಾರಣಗಳಿದ್ದವು. ರಿಂಗಿನ ಬುಡಕ್ಕೆ ನುಗ್ಗಲು ಮಂಡಿ ಒಪ್ಪುತ್ತಿರಲಿಲ್ಲ. ಗೆರೆಯಾಚೆಯಿಂದ ಎಸೆಯಲು ಭುಜ ಒಪ್ಪುತ್ತಿರಲಿಲ್ಲ. ದೇಹದ ಎರಡು ಪ್ರಮುಖ ಇಲಾಖೆಗಳು ಹೀಗೆ ಅಸಹಕಾರ ಹೂಡಿದಾಗ ಮಧ್ಯದಲ್ಲಿ ನೆಲೆಸುವುದೇ ಸಂಸ್ಕಾರವಂತರ ಲಕ್ಷಣ ಎಂದು ನಾನು ಬಗೆದೆ. ವಿಜಯನಗರದಲ್ಲಿ ನೀರಿನ ಟ್ಯಾಂಕಿನ ಪಕ್ಕದ ನಮ್ಮ ಅಂಗಳದಲ್ಲಿ, ಅಲ್ಲಿರುವ ಒಂದೇ ರಿಂಗಿನ ಎಡಗಡೆಗೆ, ಹತ್ತಿರವೂ ಅಲ್ಲದ ದೂರವೂ ಅಲ್ಲದ ಜಾಗದಲ್ಲಿ ಒಂದು ಸಿಮೆಂಟಿನ ತೇಪೆ ಇದೆ. ಯಾವ ಕಾಲದಲ್ಲೋ ಪೈಪಿಗಾಗಿ ಅಗೆದು ಮುಚ್ಚಿದ್ದು. ಅದರ ಮೇಲೆ ನಿಂತು, ರಿಂಗಿನ ಹಿಂದಿನ ಬೋರ್ಡಿನಲ್ಲಿರುವ ತುಕ್ಕಿನ ಕಲೆಗೆ ಚೆಂಡು ತಾಗಿಸಿದರೆ ಅದು ರಿಂಗಿನೊಳಗೆ ಇಳಿಯುತ್ತಿತ್ತು. ಬೀಳುತ್ತಿತ್ತು ಎನ್ನಲಾರೆ. ಇಳಿಯುತ್ತಿತ್ತು, ಮದುವೆ ಮನೆಯ ಮುಂದೆ ಬೀಗರು ಕಾರಿನಿಂದ ಇಳಿದ ಹಾಗೆ.

ನಮ್ಮದು ಬೆಳಗಿನ ಗುಂಪು. ನಿವೃತ್ತರು ಮತ್ತು ನಿವೃತ್ತಿಗೆ ಕಾಯುತ್ತಿರುವವರು. ಕ್ಯಾಪ್ಟನ್ ಒಬ್ಬ ಮಾಜಿ ಬ್ಯಾಂಕ್ ಮ್ಯಾನೇಜರು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಭಾನುವಾರ ಕೆಂಗೇರಿಯ ಗುಂಪು ನಮ್ಮಲ್ಲಿಗೆ ಬಂದು ಪಂದ್ಯ ಆಡುತ್ತದೆ. ಪಂದ್ಯಕ್ಕೆ ಎರಡು ನಿಯಮಗಳು. ಸೋತವರು ಗೆದ್ದವರಿಗೆ ನಿಂತು ಇಡ್ಲಿ ಬಡಿಸಬೇಕು. ಸಮವಾದರೆ ಹೆಚ್ಚುವರಿ ಸಮಯ ಆಡುವ ಹಾಗಿಲ್ಲ. ಎರಡನೆಯದು ನಮ್ಮ ಗುಂಪಿನ ಡಾಕ್ಟರ ಆಜ್ಞೆ. ಅವರು ಹಲ್ಲಿನ ಡಾಕ್ಟರು. ಆದರೂ ಹೃದಯದ ವಿಷಯದಲ್ಲಿ ನಾವು ಅವರ ಮಾತು ಮೀರುವುದಿಲ್ಲ.

ನಾವು ಇಡ್ಲಿ ಬಡಿಸಿದ ನೆನಪು ನಮಗಿರಲಿಲ್ಲ. ಕೆಂಗೇರಿಯವರು ಪ್ರತಿ ಸಲವೂ ಹೊರಡುವಾಗ ಒಂದು ಮಾತು ಹೇಳುತ್ತಿದ್ದರು.

"ಸಾರ್, ನಿಮ್ ರಿಂಗಿನ ಕಂಬ ವಾಲಿದೆ. ಬೋರ್ಡು ಆ ಕಡೆ ಮುಖ ತಿರುಗಿಸ್ಕೊಂಡಿದೆ."

"ಕಂಬ ಆಮೇಲೆ ನೋಡೋಣ," ಎನ್ನುತ್ತಿದ್ದರು ಕ್ಯಾಪ್ಟನ್. "ಮೊದ್ಲು ಈ ಎಲೆಗೆ ಚಟ್ನಿ ಹಾಕಿ."

ಸೋತವರಿಗೆ ಏನಾದರೊಂದು ನೆಪ ಬೇಕು ಎಂದು ನಾವು ಅವರನ್ನು ಉದಾರವಾಗಿ ಕ್ಷಮಿಸುತ್ತಿದ್ದೆವು.

ನನ್ನ ನೆಮ್ಮದಿಗೆ ಮೊದಲು ಕಲ್ಲು ಹಾಕಿದ್ದು ಟೀವಿ. ಅಮೆರಿಕದ ವೃತ್ತಿಪರ ಪಂದ್ಯಗಳು ಅಲ್ಲಿನ ರಾತ್ರಿ ನಡೆಯುವುದರಿಂದ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ನೇರಪ್ರಸಾರವಾಗುತ್ತವೆ. ನಾನು ಟೀವಿ ಹಚ್ಚಿಟ್ಟು ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತ ನೋಡತೊಡಗಿದಳು. ಮೊದಲ ವಾರ "ಇವರ ಚಡ್ಡಿ ಯಾಕೆ ಇಷ್ಟುದ್ದ?" ಎಂಬ ಮಟ್ಟದಲ್ಲಿದ್ದಳು. ಆದರೆ ಆಕೆ ಮಿಡ್ಲ್ ಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಯಾವ ಜಾಗದಿಂದ ಹೊಡೆದರೆ ಲಾಭ, ಯಾವ ಜಾಗದಿಂದ ದಂಡ ಎಂದು ಅಲ್ಲಿಯವರು ಚಿತ್ರ ಬರೆದು ವಿವರಿಸುವುದನ್ನು ಕಂಡದ್ದೇ ತಡ, ಅವಳ ಕಣ್ಣು ತೆರೆಯಿತು. ನನ್ನ ದಿನಗಳು ಮುಚ್ಚಿದವು.

"ರೀ, ನೋಡಿದ್ರಾ? ನೀವು ನಿಂತ್ಕೊಳ್ಳೋ ಜಾಗದಿಂದ ಯಾರೂ ಹೊಡೀತಾನೇ ಇಲ್ಲ."

"ಅವರಿಗೆ ಅದು ಬರಲ್ಲ ಕಣೇ."

"ಅವರಿಗೆ ಬರಲ್ವಂತೆ, ಇವರಿಗೆ ಬರತ್ತಂತೆ! ಎರಡು ಹೆಜ್ಜೆ ಹಿಂದೆ ಹೋದ್ರೆ ಮೂರು ಕೊಡ್ತಾರೆ. ಎರಡು ಹೆಜ್ಜೆ ಮುಂದೆ ಹೋದ್ರೆ ಬೀಳೋದು ಗ್ಯಾರಂಟಿ. ನೀವು ಎರಡೂ ಬಿಟ್ಟು ಮಧ್ಯದಲ್ಲಿ ನಿಂತ್ಕೋತೀರ. ಬಸ್ಸಲ್ಲೂ ಹಾಗೇ. ಹಿಂದೆ ಸೀಟಿರತ್ತೆ, ಬಾಗಿಲ ಹತ್ರ ಗಾಳಿ ಇರತ್ತೆ, ನೀವು ನಡುವಿನ ಕಂಬ ತಬ್ಕೊಂಡು ಉಲ್ಲಾಳದ ತನಕ ನಿಂತೇ ಬರ್ತೀರ."

ಒಂದು ಬೆಳಿಗ್ಗೆ ನನಗೂ ನ್ಯಾಯ ಸಿಕ್ಕಿತು. ಪಂದ್ಯದ ಕೊನೆಯ ಘಳಿಗೆ. ಒಬ್ಬ ಆಟಗಾರ ನಟ್ಟನಡುವೆ ಗಕ್ಕನೆ ನಿಂತು, ಮೇಲೆ ಚಿಮ್ಮಿ, ಚೆಂಡು ಹಾಕಿ ಗೆಲ್ಲಿಸಿದ. ನಾನು ಸೋಫಾದಿಂದ ಎದ್ದು ನಿಂತೆ. ರಾಷ್ಟ್ರಗೀತೆಗೆ ಬಿಟ್ಟರೆ ನನ್ನ ಮಂಡಿ ಅಷ್ಟು ಬೇಗ ಏಳುವುದಿಲ್ಲ.

"ಕೂತ್ಕೊಳಿ," ಎಂದಳು. "ಅವನಿಗೆ ಆ ಕಡೆನೂ ಅಡ್ಡ ಬಂದ್ರು, ಈ ಕಡೆನೂ ಅಡ್ಡ ಬಂದ್ರು. ಬೇರೆ ದಾರಿ ಇಲ್ದೆ ಅಲ್ಲಿಂದ ಹೊಡ್ದ. ನಿಮ್ಮನ್ನ ಯಾರು ತಡೆದಿದ್ರು?"

ಈ ವಿಚಾರಧಾರೆ ನಮ್ಮ ಮನೆಗೆ ಸೀಮಿತವಾಗಿದ್ದರೆ ಸಹಿಸಬಹುದಿತ್ತು. ಆದರೆ ಕ್ಯಾಪ್ಟನ್ನರ ಮನೆಯಲ್ಲೂ ಟೀವಿ ಇತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಅವರು ನಮ್ಮನ್ನೆಲ್ಲ ಟ್ಯಾಂಕಿನ ಕೆಳಗೆ ಸೇರಿಸಿ, ಶಾಖೆಯ ಸಿಬ್ಬಂದಿಗೆ ಸುತ್ತೋಲೆ ಓದಿ ಹೇಳುವ ದನಿಯಲ್ಲಿ ಘೋಷಿಸಿದರು.

"ಇನ್ಮೇಲೆ ಹೊಡೆದ್ರೆ ಒಂದೋ ರಿಂಗ್ ಬುಡದಿಂದ, ಇಲ್ಲಾ ಗೆರೆ ಆಚೆಯಿಂದ. ಮಧ್ಯದಿಂದ ಬಂದ್."

"ಹಾಗಿದ್ರೆ ನಾನೆಲ್ಲಿ ನಿಲ್ಲಲಿ ಸಾರ್?"

"ಬೆಂಚಲ್ಲಿ ಜಾಗ ಇದೆ ಸಾರ್. ನೆರಳೂ ಇದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಪಂದ್ಯಕ್ಕೆ ಇಳಿಯುವವರು ಐವರು. ಈ ಗುಂಪು ಕಟ್ಟಿದಾಗಿನಿಂದ ಆ ಐವರಲ್ಲಿ ನಾನಿದ್ದೆ. ಈಗ ನನ್ನ ಜಾಗದ ಮೇಲೆ ಹಲ್ಲಿನ ಡಾಕ್ಟರ ಕಣ್ಣು ಬಿದ್ದಿತ್ತು. ಅವರು ಚೆಂಡನ್ನು ಎರಡೂ ಕೈಯಲ್ಲಿ ಮಡಿಲಿನಿಂದೆತ್ತಿ, ಬಾವಿಯಿಂದ ನೀರೆತ್ತಿ ಚೆಲ್ಲಿದ ಹಾಗೆ, ಗೆರೆಯಾಚೆಯಿಂದ ಎಸೆಯುತ್ತಿದ್ದರು. ನೋಡಲು ಅಸಹ್ಯ. ಆದರೆ ಬೀಳುತ್ತಿತ್ತು.

ನಾನು ಪಟ್ಟು ಹಿಡಿದೆ. ಕೊನೆಗೆ ಬರುವ ಭಾನುವಾರ ಪರೀಕ್ಷೆ ಎಂದಾಯಿತು. ನಾನು ನನ್ನ ತೇಪೆಯಿಂದ, ಡಾಕ್ಟರು ತಮ್ಮ ಗೆರೆಯಿಂದ. ಹೆಚ್ಚು ಪಾಯಿಂಟು ಮಾಡಿದವರು ಐವರಲ್ಲಿ ಒಬ್ಬರು.

ಪರೀಕ್ಷೆಯ ಜಾಗ ನೋಡಬೇಕೆಂದು ನನ್ನ ಹೆಂಡತಿ ಮರುದಿನ ನನ್ನ ಜೊತೆ ಅಂಗಳಕ್ಕೆ ಬಂದಳು. ಬಂದವಳು ಚೆಂಡು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕಂಬವನ್ನು ನೋಡಿದಳು.

"ಇದ್ಯಾಕ್ರೀ ಹೀಗೆ ಕುತ್ತಿಗೆ ಹೊರಳಿಸ್ಕೊಂಡು ನಿಂತಿದೆ?"

"ರಾಜ್ಯೋತ್ಸವಕ್ಕೆ ಶಾಮಿಯಾನದ ಹಗ್ಗ ಕಟ್ತಾರೆ. ಸ್ವಲ್ಪ ಆ ಕಡೆ ಎಳೆದಿರಬಹುದು."

"ಸ್ವಲ್ಪಾನಾ? ಯಾರ ತಲೆ ಮೇಲಾದ್ರೂ ಬಿದ್ರೆ?"

ಪ್ರತಿ ನವೆಂಬರಿನಲ್ಲೂ ವೇದಿಕೆ ಅಂಗಳದ ಎಡಗಡೆಗೇ ಏಳುತ್ತಿತ್ತು, ಶಾಮಿಯಾನದ ದೊಡ್ಡ ಹಗ್ಗ ನಮ್ಮ ಕಂಬಕ್ಕೇ ಬೀಳುತ್ತಿತ್ತು. ವರ್ಷವರ್ಷವೂ ಕಂಬ ತಾಯಿ ಭುವನೇಶ್ವರಿಯ ಕಡೆಗೆ ಒಂದಿಷ್ಟು ತಲೆಬಾಗಿತ್ತು. ಅದನ್ನು ನಾವು ನೋಡಿರಲಿಲ್ಲವೆಂದಲ್ಲ. ದಿನಾ ನೋಡುತ್ತಿದ್ದೆವು, ಹಾಗಾಗಿ ಕಾಣುತ್ತಿರಲಿಲ್ಲ. ಅವಳು ಮೊಬೈಲಿನಲ್ಲಿ ಫೋಟೋ ತೆಗೆದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಅಂಥ ಗುಂಪಿಗೆ ಹಾಕಿದ ಫೋಟೋಗಳಿಗೆ ಕೈಮುಗಿದ ಚಿತ್ರಗಳು ಬರುತ್ತವೆ, ಅಲ್ಲಿಗೆ ಮುಗಿಯುತ್ತದೆ. ಈ ಸಲ, ಚರಿತ್ರೆಗೆ ತಿಳಿಯದ ಕಾರಣಕ್ಕೆ, ಶನಿವಾರ ಸಂಜೆಗೇ ವೆಲ್ಡಿಂಗ್ ಮೆಷಿನ್ನಿನೊಂದಿಗೆ ಜನ ಬಂದು ಕಂಬವನ್ನು ನೆಟ್ಟಗೆ ಮಾಡಿ ಹೋದರು.

ಭಾನುವಾರ ನಾನು ತೇಪೆಯ ಮೇಲೆ ನಿಂತೆ. ಉಸಿರು ಬಿಟ್ಟೆ. ತುಕ್ಕಿನ ಕಲೆಗೆ ಸರಿಯಾಗಿ ತಾಗಿಸಿದೆ. ಚೆಂಡು ರಿಂಗಿನ ಮುಂದೆ ಹಾದು, ಪರಿಚಯವಿಲ್ಲದವರಂತೆ ಆಚೆ ಬಿತ್ತು. ಇನ್ನೊಮ್ಮೆ ಎಸೆದೆ, ಅದೂ ಆಚೆ. ಮತ್ತೆ ಮತ್ತೆ ಎಸೆದೆ. ಕಲೆ ತಪ್ಪಲಿಲ್ಲ, ರಿಂಗು ಸಿಗಲಿಲ್ಲ.

"ಆಯ್ತು ಬಿಡಿ ಸಾರ್, ವಯಸ್ಸು," ಎಂದು ಡಾಕ್ಟರು ನನ್ನ ಭುಜ ತಟ್ಟಿ ಗೆರೆಯಾಚೆ ಹೋದರು. ಬಾವಿಯಿಂದ ಎತ್ತಿ ಎಸೆದರು. ಚೆಂಡು ಬೋರ್ಡಿನ ಅಂಚಿಗೆ ಬಡಿದು ಟ್ಯಾಂಕಿನ ಕಡೆ ಹೋಯಿತು. ಅವರ ಒಂದು ಚೆಂಡೂ ಬೀಳಲಿಲ್ಲ. ಕ್ಯಾಪ್ಟನ್ನರು "ಕೊಡಿ ಇಲ್ಲಿ, ಹೇಗೆ ಅಂತ ತೋರಿಸ್ತೀನಿ" ಎಂದು ತಾವೇ ಎಸೆದರು. ಹೇಗೆ ಅಂತ ಅವರೂ ತೋರಿಸಲಿಲ್ಲ.

ಎಲ್ಲರೂ ತಲೆಯೆತ್ತಿ ಕಂಬ ನೋಡಿದೆವು. ಅದು ದೇವರಾಣೆಗೂ ನೆಟ್ಟಗಿತ್ತು. ನನ್ನ ಕಲೆ, ಡಾಕ್ಟರ ಕೈಚಳಕ, ಕ್ಯಾಪ್ಟನ್ನರ ತಂತ್ರ, ನಾವು ತಿಂದ ಅಷ್ಟೂ ವರ್ಷಗಳ ಇಡ್ಲಿ, ಎಲ್ಲವೂ ಒಂದು ಶಾಮಿಯಾನದ ಹಗ್ಗದ ಕೃಪೆ ಎಂಬುದು ಒಬ್ಬೊಬ್ಬರ ಮುಖದಲ್ಲೂ ನಿಧಾನವಾಗಿ ಮೂಡಿತು.

"ಕೆಂಗೇರಿಯೋರು ನಿಜ ಹೇಳ್ತಿದ್ರು," ಎಂದರು ಡಾಕ್ಟರು.

"ಅದು ಅವರಿಗೆ ಗೊತ್ತಾಗೋದು ಬೇಡ," ಎಂದರು ಕ್ಯಾಪ್ಟನ್.

ಪರೀಕ್ಷೆಯಲ್ಲಿ ಇಬ್ಬರದೂ ಸೊನ್ನೆ. ಕ್ಯಾಪ್ಟನ್ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. ಡಾಕ್ಟರು ರೆಫರಿಯಾಗಿ ಸೀಟಿ ಊದುವುದು. ಅವರ ನಿಷ್ಪಕ್ಷಪಾತವನ್ನು ಕೆಂಗೇರಿಯವರೂ ಒಪ್ಪುತ್ತಾರೆ. ನಾನು ಐವರಲ್ಲಿ ಉಳಿಯುವುದು, ಏಕೆಂದರೆ ನಾನು ಚೆಂಡನ್ನು ಇನ್ನೊಬ್ಬರಿಗೆ ಚೆನ್ನಾಗಿ ಕೊಡುತ್ತೇನೆ.

"ಆದ್ರೆ ಒಂದು ಮಾತು ಕೊಡಿ ಸಾರ್. ಆ ತೇಪೆಯಿಂದ ಹೊಡೆಯಲ್ಲ ಅಂತ. ಹೊಡೆದ್ರೆ ಅವತ್ತಿಗೇ ನಿಮ್ಮ ಜಾಗ ಡಾಕ್ಟರಿಗೆ."

ಕೊಟ್ಟೆ. ಡಾಕ್ಟರು ಸೀಟಿ ಕೊರಳಿಗೆ ಹಾಕಿಕೊಂಡು ಗೆರೆಯ ಉದ್ದಕ್ಕೂ ಒಮ್ಮೆ ನಡೆದು ನೋಡಿದರು. ಅದನ್ನು ನಾನು ಗಮನಿಸಬೇಕಿತ್ತು.

ಅಂದಿನಿಂದ ನಮ್ಮ ಟೆರೇಸಿನ ಮೇಲೆ ತರಬೇತಿ. ಬಟ್ಟೆ ಒಣಗಿಸುವ ತಂತಿಯ ಮೇಲಿಂದ ಹಾಯುವಂತೆ ನಾನು ಎಸೆಯಬೇಕು, ನನ್ನ ಹೆಂಡತಿ ಕುರ್ಚಿಯಲ್ಲಿ ಕುಳಿತು ತಿದ್ದಬೇಕು.

"ಕೈಯಲ್ಲಲ್ಲ ರೀ, ಮಂಡಿಯಿಂದ ಬರಬೇಕು."

"ಮಂಡಿಯಿಂದ ಸದ್ದು ಮಾತ್ರ ಬರತ್ತೆ."

ಚೆಂಡು ಪಕ್ಕದ ಟೆರೇಸಿಗೆ ಹಾರಿ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಬಿದ್ದ ದಿನ ಆ ಮನೆಯಾಕೆ ಏನೂ ಅನ್ನಲಿಲ್ಲ. "ಅಂಕಲ್, ಪುಡಿ ಮಾಡೋಕೆ ಮಿಲ್ಲಿಗೇ ಕೊಡೋಣ ಅಂತಿದ್ದೆ," ಎಂದಳು, ಅಷ್ಟೇ. ಆದರೂ ಸಂಕ್ರಾಂತಿಯ ಹೊತ್ತಿಗೆ ನನ್ನ ಚೆಂಡು ಗೆರೆಯಾಚೆಯಿಂದ ರಿಂಗನ್ನು ಒಮ್ಮೊಮ್ಮೆ ಭೇಟಿ ಮಾಡುವ ಮಟ್ಟಕ್ಕೆ ಬಂದಿತ್ತು.

ಪಂದ್ಯದ ದಿನ ಕೆಂಗೇರಿಯವರು ವ್ಯಾನಿನಿಂದ ಇಳಿದವರೇ ಕಂಬ ನೋಡಿ ನಿಂತುಬಿಟ್ಟರು. ಅವರ ಮುಖ ಬಿಳಿಚಿತು. ನಾವು ನಿರೀಕ್ಷಿಸಿದ್ದು ಸಂತೋಷವನ್ನು.

"ಏನ್ ಸಾರ್ ಇದು, ನೆಟ್ಟಗೆ ಮಾಡ್ಬಿಟ್ಟಿದೀರ!" ಎಂದು ಅವರ ನಾಯಕರು ಹೆಚ್ಚುಕಡಿಮೆ ಅತ್ತರು. "ಈ ಸಲ ಬಿಡಬಾರ್ದು ಅಂತ ನಾವು ನಮ್ ಕಂಬಕ್ಕೂ ಹಗ್ಗ ಕಟ್ಟಿ, ಜೀಪಲ್ಲಿ ಎಳೆದು ವಾಲಿಸಿ ಪ್ರಾಕ್ಟೀಸ್ ಮಾಡಿದ್ವಿ!"

ಹೀಗಾಗಿ ಅಂದು ಅಂಗಳಕ್ಕಿಳಿದ ಹತ್ತು ಜನರಿಗೂ ನೆಟ್ಟಗಿನ ಕಂಬದ ಪರಿಚಯ ಕಡಿಮೆ. ಎರಡೂ ಕಡೆಯಿಂದ ಚೆಂಡುಗಳು ನಾನಾ ದಿಕ್ಕಿಗೆ ಹಾರಿದವು. ನಾನು ಕೊಟ್ಟ ಮಾತಿನಂತೆ ಚೆಂಡು ಸಿಕ್ಕಿದಾಗಲೆಲ್ಲ ಬೇರೆಯವರಿಗೆ ದಾಟಿಸಿದೆ. ಕೊನೆಯ ನಿಮಿಷದಲ್ಲಿ ಕೆಂಗೇರಿ ಎರಡು ಪಾಯಿಂಟು ಮುಂದಿತ್ತು. ಚೆಂಡು ನನ್ನ ಕೈಗೆ ಬಂತು. ಕಾಲ ಕೆಳಗೆ ನೋಡಿದರೆ ತೇಪೆ.

ನನ್ನೆದುರು ಯಾರೂ ಬರಲಿಲ್ಲ.

"ಬಿಡಿ ಗುರು, ಅಂಕಲ್ ಹೊಡೆಯಲ್ಲ. ಬೆಳಗ್ಗಿಂದ ಬರೀ ಪಾಸು," ಎಂದು ಕೆಂಗೇರಿಯವನೊಬ್ಬ ಕೂಗಿದ. ಅವನ ತಲೆಯಲ್ಲಿ ನನಗಿಂತ ಕಡಿಮೆ ಕೂದಲಿತ್ತು.

ಇಲ್ಲಿಂದ ಹಾಕಿದರೆ ಪಂದ್ಯ ಸಮ, ನನ್ನ ಜಾಗ ಡಾಕ್ಟರಿಗೆ. ಗೆರೆ ದಾಟಿ ಹಾಕಿದರೆ ಗೆಲುವು, ಜಾಗವೂ ಭದ್ರ. "ಮಾತು! ಮಾತು ಕೊಟ್ಟಿದೀರ!" ಎಂದು ಕ್ಯಾಪ್ಟನ್ ಅರಚಿದರು. ಬೆಂಚಿನಿಂದ ನನ್ನ ಹೆಂಡತಿಯ ದನಿ ಕೇಳಿತು: "ಹಿಂದೆ ಬನ್ನಿ ರೀ! ಹಿಂದೆ!" ಅಷ್ಟೂ ವರ್ಷ ಅವಳು ಬಸ್ಸಿನಲ್ಲಿ ಹೇಳಿದ್ದೂ ಅದೇ. ನಾನು ಚೆಂಡು ನೆಲಕ್ಕೆ ಕುಟ್ಟುತ್ತ ಎರಡು ಹೆಜ್ಜೆ ಹಿಂದೆ ಹೋಗಿ, ಮಂಡಿ ಬಗ್ಗಿಸಿ, ಮೆಣಸಿನಕಾಯಿಯನ್ನು ನೆನೆದು ಎಸೆದೆ.

ಅದು ಬೋರ್ಡು ಮುಟ್ಟಲಿಲ್ಲ. ನೇರವಾಗಿ ರಿಂಗಿನೊಳಗೆ ಇಳಿಯಿತು.

ಕ್ಯಾಪ್ಟನ್ ನನ್ನನ್ನು ಅಪ್ಪಿಕೊಂಡರು. ಯಾರೋ ನನ್ನನ್ನು ಎತ್ತಲು ನೋಡಿ, ಸೊಂಟ ಹಿಡಿದುಕೊಂಡು ಬಿಟ್ಟುಬಿಟ್ಟರು. ಆಗ ಸೀಟಿ ಕೇಳಿತು. ಡಾಕ್ಟರು ಹುಳುಕು ಹಲ್ಲು ಕಂಡಾಗಿನ ಗಾಂಭೀರ್ಯದಲ್ಲಿ ಎರಡು ಬೆರಳು ಎತ್ತಿ ನಿಂತಿದ್ದರು.

"ಎರಡು. ಹೆಬ್ಬೆರಳು ಗೆರೆ ಮೇಲಿತ್ತು."

"ಡಾಕ್ಟ್ರೇ, ಶೂ ಒಳಗಿನ ಹೆಬ್ಬೆರಳು ನಿಮಗೆ ಹೇಗ್ರೀ ಕಾಣ್ತು?" ಎಂದು ಕ್ಯಾಪ್ಟನ್ ಹಾರಾಡಿದರು. "ಮೇಡಂ, ನೀವು ಅಲ್ಲೇ ಕೂತಿದ್ರಿ. ನೀವೇ ಹೇಳಿ."

ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆ ನೋಟದಲ್ಲಿ ಪ್ರೀತಿ ಇತ್ತು. ಅದಕ್ಕಿಂತ ಹೆಚ್ಚಾಗಿ ಗಣಿತ ಇತ್ತು.

"ತುಳಿದಿದ್ದು ನಾನೂ ನೋಡ್ದೆ. ಎರಡೇ."

ಹೊತ್ತು ಮುಗಿದಿತ್ತು, ಪಂದ್ಯ ಸಮವಾಯಿತು. ಹೆಚ್ಚುವರಿ ಸಮಯವಿಲ್ಲ. ಕ್ಯಾಪ್ಟನ್ ನನ್ನ ಬಳಿ ಬಂದು, "ತೇಪೆಯಿಂದ ಹೊಡೀಲಿಲ್ಲ, ಮಾತು ಉಳಿಸ್ಕೊಂಡ್ರಿ. ಜಾಗ ನಿಮ್ಮದೇ," ಎಂದರು. ಆಮೇಲೆ ಗೆರೆಯನ್ನೂ ನನ್ನ ಶೂವನ್ನೂ ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

ಇಡ್ಲಿಯ ಪಾತ್ರೆಗಳ ಸುತ್ತ ಎರಡೂ ಗುಂಪು ಕೈಕಟ್ಟಿ ನಿಂತಿತು. ಸೋತವರು ಬಡಿಸಬೇಕು, ಸೋತವರಿಲ್ಲ. ಗೆದ್ದವರು ಕೂರಬೇಕು, ಗೆದ್ದವರೂ ಇಲ್ಲ. ಸಾಂಬಾರು ಆರುತ್ತಿತ್ತು. ಕೊನೆಗೆ ನನ್ನ ಹೆಂಡತಿಯೇ ಸೆರಗು ಸಿಕ್ಕಿಸಿ ಸೌಟು ಹಿಡಿದಳು. ಒಬ್ಬೊಬ್ಬರಿಗೂ ಬಡಿಸುತ್ತ ನನ್ನ ಎಲೆಯ ಮುಂದೆ ಬಂದು ನಿಂತಳು.

"ಮೂರರಷ್ಟು ಕಷ್ಟಪಟ್ಟು ಎರಡೇ ತಗೊಳ್ಳೋದು ಅಂದ್ರೆ ನೀವೇ ಸರಿ," ಎಂದಳು. "ಎಷ್ಟು ಹಾಕ್ಲಿ? ಎರಡಾ, ಮೂರಾ?"

ನಾನು ಎಲೆ ಮುಂದಕ್ಕೆ ಸರಿಸಿದೆ. ಅವಳು ಎರಡು ಇಡ್ಲಿ ಹಾಕಿದಳು. ಮುಂದಿನ ಎಲೆಗೆ ಹೋಗುವ ಮುಂಚೆ ಏನನ್ನೋ ಲೆಕ್ಕ ಹಾಕಿ, ಇನ್ನೊಂದನ್ನು ಸೌಟಿನ ಅಂಚಿನಲ್ಲಿ ಮುರಿದು, ಅರ್ಧ ನನಗೆ ಹಾಕಿ, ಇನ್ನರ್ಧವನ್ನು ಡಾಕ್ಟರ ಎಲೆಗೆ ಹಾಕಿದಳು.