ಒಲೆಯ ಬಾಯಿಂದ ಕಂಡ ಹಿಮ್ಮಡಿ

ಅಕ್ಕೋಳದ ಅಣ್ಣಾಸಾಬರ ಗಾಣದಲ್ಲಿ ಬೆಲ್ಲ ಇಳಿಸುವ ಮುರಗೆಪ್ಪನಿಗೆ ಮಾತು ಖರ್ಚು ಮಾಡಲು ಮನಸ್ಸೇ ಬರುತ್ತಿರಲಿಲ್ಲ. ಪಾಕ ಹದಕ್ಕೆ ಬಂದದ್ದು ಹೇಗೆ ತಿಳಿಯುತ್ತದೆ ಎಂದು ಯಾರೇ ಕೇಳಲಿ, "ನಿಗಾ ಇಡ್ರಿ" ಎನ್ನುತ್ತಿದ್ದ, ಅಷ್ಟೇ. ಅವನ ಪಾಲಿಗೆ ನಿಗಾ ಎಂದರೆ ಬರೀ ನೋಡುವುದಲ್ಲ. ಕೇಳಬಾರದು, ಮುಟ್ಟಬಾರದು, ತಾನಾಗಿ ತಿಳಿಯುವವರೆಗೆ ಕಣ್ಣು ಕೀಳಬಾರದು. ಅಣ್ಣಾಸಾಬರ ಮಗ ಸುರಜ, ಕಾಲೇಜು ಕಲಿತವನು, ಎರಡು ದಿನ ನಿಗಾ ಇಟ್ಟು ಮೂರನೆಯ ದಿನ ಥರ್ಮಾಮೀಟರ್ ಕೊಂಡು ತಂದ. ಅದು ಈಗಲೂ ಗೂಟಕ್ಕೆ ತೂಗುತ್ತಿದೆ.

ಮುರಗೆಪ್ಪನ ಹೆಂಡತಿ ಸೋನಾಬಾಯಿಗೆ ಮಾತ್ರ ಯಾರೂ ನಿಗಾ ಇಡು ಎಂದಿರಲಿಲ್ಲ. ಇಪ್ಪತ್ತಾರು ಹಂಗಾಮು ಅವಳು ಕೂತದ್ದು ಕೊಪ್ಪರಿಗೆಯ ಕೆಳಗೆ, ಒಲೆಯ ತಗ್ಗಿನಲ್ಲಿ, ಕಬ್ಬಿನ ಸಿಪ್ಪೆ ತಳ್ಳುತ್ತ. ಅಲ್ಲಿಂದ ಪಾಕ ಕಾಣದು. ಕಾಣುತ್ತಿದ್ದುದು ಅಂಚಿನಲ್ಲಿ ನಿಂತ ಗಂಡನ ಎರಡು ಪಾದ. ಕುದಿಯ ಸದ್ದು ದಪ್ಪಗಾಗುತ್ತಿದ್ದಂತೆ ಅವನ ಎಡ ಹಿಮ್ಮಡಿ ನೆಲ ಬಿಡುತ್ತಿತ್ತು. ಮರುಗಳಿಗೆ ಅವನು "ಇಳಸ್ರಿ" ಎನ್ನುತ್ತಿದ್ದ.

ದೀಪಾವಳಿ ಮುಗಿದ ವಾರ ಮುರಗೆಪ್ಪ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹದಿನಾಲ್ಕನೆಯ ದಿನ ಸೋನಾಬಾಯಿ ಗಾಣಕ್ಕೆ ಬಂದಳು. ಅತ್ತಿರಲಿಲ್ಲ, ಅಳಬೇಕೆಂಬುದು ನೆನಪಾಗಿರಲೂ ಇಲ್ಲ.

"ಹದಾ ನಾ ಹೇಳ್ತೀನ್ರಿ, ಸಾವ್ಕಾರ್ರ."

"ಒಂದಿನಾನೂ ಕೊಪ್ಪರಗಿ ಇಣುಕಿ ನೋಡಿದಾಕಿ ಅಲ್ಲ ನೀ!" ಅಣ್ಣಾಸಾಬರು ನಕ್ಕರು. "ಹೋಗ್ಲಿ, ಒಂದ ಕೊಪ್ಪರಗಿ ನಿಂದು. ಕೆಟ್ಟರ ನಾಳೆ ಕಾಗಲದಿಂದ ಬ್ಯಾರೆ ಹದಾ ನೋಡಾಂವ ಬರ್ತಾನ. ಒಲಿ ಉರಸಾಕೂ ಅಂವನ ಮಂದೀನ, ತಿಳೀತಿಲ್ಲ?"

ತಿಳಿಯಿತು. ಮೇಲಿನ ಕೆಲಸವಷ್ಟೇ ಅಲ್ಲ, ಕೆಳಗಿನದೂ ಹೋಗುತ್ತದೆ.

ರಸ ಕುದಿಯಿತು. ಸುರಜ ನೊರೆಯ ಮೇಲೆ ಮೊಬೈಲಿನ ಬೆಳಕು ಹಿಡಿದ. "ಕಾಕು, ಬಣ್ಣ ಬಂತಲ್ಲ. ಇಳಸೂಣೇನು?"

ಸೋನಾಬಾಯಿ ಕೊಪ್ಪರಿಗೆಯತ್ತ ನೋಡಲಿಲ್ಲ. ಒಲೆಯ ತಗ್ಗಿಗಿಳಿದು ಕೂತಳು.

"ಅಲ್ಲೇನ್ ಕಾಣ್ತೈತಿ ನಿನಗ?"

"ನೀ ಅಲ್ಲಿ ನಿಂದರಬ್ಯಾಡಪಾ. ಆಚೀಕ ಸರಿ."

ಸುರಜ ಸರಿದ. ಅಂಚಿನ ಮಣ್ಣು ಬರಿದಾಯಿತು. ಅವಳು ಆ ಬರಿದು ಜಾಗದಿಂದ ಕಣ್ಣು ಕೀಳಲಿಲ್ಲ. ಸದ್ದು ದಪ್ಪಗಾಯಿತು, ಇನ್ನಷ್ಟು ದಪ್ಪಗಾಯಿತು. ಆಗ ಕುಕ್ಕರುಗಾಲಲ್ಲಿ ಕೂತಿದ್ದ ಅವಳದೇ ಎಡ ಹಿಮ್ಮಡಿ ಮೇಲೆದ್ದಿತು. ಯಾರದೋ ಕಾಲೆಂಬಂತೆ ಅದನ್ನು ನೋಡಿದಳು.

"ಇಳಸ್ರಿ."

ಆರಿದ ಮೇಲೆ ಅಣ್ಣಾಸಾಬರು ಒಂದು ಚೂರು ಮುರಿದು ಅಗಿದರು. ತಪ್ಪು ಸಿಗಲಿಲ್ಲ, ಕೊಂಚ ಬೇಸರವೇ ಆಯಿತು. ಕಾಗಲಕ್ಕೆ ಫೋನು ಹಚ್ಚಿ ಬರಬೇಡವೆಂದರು.

"ಇನ್ನ ಮ್ಯಾಲ ಬಂದ ನಿಲ್ಲು, ಸೋನಾಬಾಯಿ. ಒಲಿಗಿ ಬ್ಯಾರೆದವ್ರನ್ನ ಇಡೂಣು."

ಅವಳಿಗೆ ಸಂತೋಷವೂ ಆಗಲಿಲ್ಲ, ಮತ್ತೊಂದೂ ಆಗಲಿಲ್ಲ.

"ಮ್ಯಾಲಿಂದ ನನಗೇನೂ ಕಾಣೂದಿಲ್ರಿ," ಎಂದು ಸಿಪ್ಪೆಯ ಇನ್ನೊಂದು ತೆಕ್ಕೆ ಒಳಗೆ ತಳ್ಳಿದಳು.